ಆಸ್ಪತ್ರೆಯ ದೃಶ್ಯದ ಕೂಗು

ನಿರ್ದೇಶಕರಿಗೆ ನಮಸ್ಕಾರ.

ಕವಿಯಾಗಿದ್ದ ನಮ್ಮ ಯಜಮಾನರ ಬಗ್ಗೆ ನೀವು ತೆಗೆದ ಸಿನಿಮಾ ನೋಡಿದೆ. ಕುಡಿತ, ಹರಿದ ಹಾಳೆ, ಬಾಗಿಲಿಗೆ ಎಸೆದ ತಟ್ಟೆ, ಎಲ್ಲ ಇದ್ದ ಹಾಗೇ ಇದೆ. ನಾನು ಮಾತ್ರ ಕಿಟಕಿಯ ಬಳಿ ಅಳುತ್ತ ನಿಂತವಳಲ್ಲ. ಹೊಲಿಗೆ ಮಿಷನ್ ತುಳಿಯುತ್ತಿದ್ದೆ. ಅಳಲು ಪುರುಸೊತ್ತೆಲ್ಲಿತ್ತು?

ನನ್ನ ತಕರಾರು ಆಸ್ಪತ್ರೆಯ ದೃಶ್ಯದ್ದು. ಅಲ್ಲಿ ಅವರು ನನ್ನ ಹೆಸರು ಕೂಗಿ ಕಣ್ಣು ಮುಚ್ಚುತ್ತಾರೆ. ಮೂವತ್ತೊಂದು ವರ್ಷದಲ್ಲಿ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಇವಳೇ, ನೀರು ಕೊಡೇ", "ಇವಳೇ, ನನ್ ಪೆನ್ನೆಲ್ಲಿ?" ಅಷ್ಟೇ. ಬೀದಿನಾಯಿಗೂ ಕವಿತೆಯಲ್ಲಿ ಹೆಸರಿಟ್ಟ ಮಹಾನುಭಾವರು! ಕೊನೆಯ ದಿನ ನನ್ನನ್ನೇ ದಿಟ್ಟಿಸಿ, "ನಿಮ್ ಹೆಸರೇನಮ್ಮಾ?" ಎಂದು ಕೇಳಿದರು. ಹೇಳಿದೆ. "ಚೆನ್ನಾಗಿದೆ" ಅಂದರು.

ಆ ದೃಶ್ಯ ಸುಳ್ಳು, ಕತ್ತರಿಸಿ ಎಂದು ಬರೆಯಲು ಕೂತೆ. ಆದರೆ ನಿನ್ನೆ ನಾಲ್ಕನೇ ಸಲ ಹೋಗಿ ಅದನ್ನೇ ಕೇಳಿ ಬಂದೆ. ಈ ವಾರಕ್ಕೆ ಟಾಕೀಸಿನಿಂದ ಸಿನಿಮಾ ಎತ್ತಿಬಿಡುತ್ತಾರಂತೆ. ಆ ಒಂದು ಕೂಗನ್ನಷ್ಟೇ ನನ್ನ ಮೊಬೈಲಿಗೆ ಹಾಕಿಕೊಡಲು ಆಗುತ್ತದೆಯೇ?

ಇಂತಿ,
ಅವರ 'ಇವಳೇ'