ಅಳಿಸಿಹೋದ ಹನ್ನೊಂದು ಹೆಸರು

ಸಂಡೂರು
೧೪ ಅಕ್ಟೋಬರ್ ೨೦೨೫, ಮಂಗಳವಾರ

ನನ್ನ ಅನಸೂಯಕ್ಕನಿಗೆ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ನಾಲ್ಕು ಆಡುತ್ತೀ, ಐದನೆಯದಕ್ಕೆ ನಾನು ಹೆದರಿ ವಿಷಯ ಬದಲಿಸುತ್ತೇನೆ. ಎರಡು ವಾರದಿಂದ ಹೀಗೇ ಆಗಿದೆ. ಕಾಗದಕ್ಕೆ ನೀನು ಅಡ್ಡ ಬಾಯಿ ಹಾಕುವಂತಿಲ್ಲ. ಪಡಸಾಲೆಯಲ್ಲಿ ಕುಳಿತು ಪೂರ್ತಿ ಓದು, ಆಮೇಲೆ ಬೈ.

ಮೊದಲು ಮುಖ್ಯವಾದದ್ದು. ಹಂಪೇಶ್ ಬಾವ ನಿನಗೆ ಸುಳ್ಳು ಹೇಳಿಲ್ಲ. ಕಳೆದ ತಿಂಗಳು ಗಣಿಯ ಕೆಲಸಗಾರರಿಗೆ ಎದೆ ತಪಾಸಣೆ ನಡೆದ ದಿನ ಅವರು ನಿಜವಾಗಿಯೂ ಸಾಲಿನಲ್ಲಿ ನಿಂತಿದ್ದರು. ಅವರನ್ನು ವಾಪಸ್ ಕಳಿಸಿದ್ದೂ ನಿಜ. ಅದಕ್ಕೆ ಕಾರಣ ನಾನು.

ನನ್ನ ಆಫೀಸಿನ ಕೆಲಸ ನಿನಗೆ ಗೊತ್ತು. ಗಣಿಯ ಐದು ಗೇಟುಗಳಿಂದ ಐದು ಹಾಜರಿ ಪಟ್ಟಿ ಬರುತ್ತವೆ, ಅವನ್ನೆಲ್ಲ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಬೇಕು. ಪಾಳಿ ಬದಲಾದವರ ಹೆಸರು ಎರಡು ಗೇಟಿನಲ್ಲೂ ಇರುತ್ತದೆ, ಒಂದನ್ನು ಅಳಿಸಬೇಕು. ಕಾಪಿ, ಪೇಸ್ಟ್, ಹುಡುಕು, ಅಳಿಸು. ತಿಂಗಳಿಗೆ ಮೂರು ದಿನ ಇದೇ ಪಾಡು. ಕತ್ತು ಹಿಡಿದುಕೊಂಡಾಗ ಎಣ್ಣೆ ತಿಕ್ಕಿದವಳು ನೀನೇ.

ಅದಕ್ಕೇ ಪ್ರೋಗ್ರಾಮಿಂಗ್ ಕಲಿಯುತ್ತೇನೆ ಎಂದೆ. ಸ್ಕೂಟಿ ಕಲಿಯಾಕ ಆಗ್ಲಿಲ್ಲ, ಇನ್ನ ಇದನ್ನೇನ್ ಕಲೀತಿ ಎಂದು ನೀನು ನಕ್ಕೆ. ಹಟ ಬಂತು. ದಿನಾ ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ಕನ್ನಡದ ಪಾಠ ನೋಡಿ ಕಲಿತೆ. ಒಂದು ಕಂಸ ಮುಚ್ಚುವುದು ಮರೆತರೂ ಪರದೆ ತುಂಬ ಕೆಂಪು ಅಕ್ಷರ. ಆಗಸ್ಟ್ ಕೊನೆಗೆ ಹದಿನೆಂಟು ಸಾಲು ಬರೆದು ಗುಂಡಿ ಒತ್ತಿದೆ. ಮೂರು ದಿನದ ಕೆಲಸ ನಾಲ್ಕು ಸೆಕೆಂಡಿನಲ್ಲಿ ಮುಗಿಯಿತು. ಅಕ್ಕ, ಖುಷಿಗೆ ಕಣ್ಣಲ್ಲಿ ನೀರು ಬಂತು. ನಲವತ್ತೊಂದು ವರ್ಷಕ್ಕೆ, ಎದುರಾಡದೆ ನನ್ನ ಮಾತು ಕೇಳುವುದು ಒಂದಾದರೂ ಸಿಕ್ಕಿತಲ್ಲ ಎಂದು.

ಹೇಳಿದ್ದನ್ನಷ್ಟೇ ಕೇಳಿತು, ಅದೇ ಎಡವಟ್ಟಾಯಿತು. ಹೆಸರು, ತಂದೆಯ ಹೆಸರು, ಊರು ಮೂರೂ ಒಂದೇ ಇದ್ದರೆ ಒಂದನ್ನು ಇಟ್ಟುಕೊಂಡು ಉಳಿದದ್ದು ಅಳಿಸು ಎಂದು ಬರೆದಿದ್ದೆ. ಬೇರೆ ಸೀಮೆಯಲ್ಲಿ ಇದು ನಡೆಯುತ್ತಿತ್ತೇನೋ. ನಮ್ಮಲ್ಲಿ ವಿರೂಪಾಕ್ಷನಿಗೆ ಹರಕೆ ಹೊತ್ತು ಹುಟ್ಟಿದವರೆಲ್ಲ ಹಂಪೇಶ, ಪಂಪೇಶ. ಜಂಬುನಾಥನಿಗೆ ನಡೆದುಕೊಳ್ಳುವವರ ಮನೆಗೊಬ್ಬ ಜಂಬಯ್ಯ. ನಿಮ್ಮ ಪಾಪಿನಾಯಕನಹಳ್ಳಿಯಲ್ಲೇ ಜಂಬಯ್ಯನ ಮಗ ಹಂಪೇಶ ಇಬ್ಬರು: ಕ್ರಷರಿನಲ್ಲಿರುವ ನಮ್ಮ ಬಾವ, ಟಿಪ್ಪರ್ ಓಡಿಸುವ ಹಿಂದಿನ ಓಣಿಯವರು. ಕೈಯಲ್ಲಿ ಪಟ್ಟಿ ಮಾಡುವಾಗ ಇಬ್ಬರೂ ನನ್ನ ಕಣ್ಣ ಮುಂದೆ ಇರುತ್ತಿದ್ದರು. ಒಬ್ಬೊಬ್ಬರಿಗೂ ಬೇರೆ ಬೇರೆ ಇರುವ ಟೋಕನ್ ನಂಬರ್ ನೋಡು ಎಂದು ಕಂಪ್ಯೂಟರಿಗೆ ಹೇಳುವುದನ್ನು ಮರೆತೆ.

ತಪಾಸಣೆಗೆ ಹೋದದ್ದು ಆ ಪಟ್ಟಿಯೇ. ಟಿಪ್ಪರ್ ಹಂಪೇಶ ಬೆಳಿಗ್ಗೆಯೇ ಹೋಗಿ ಬಂದಿದ್ದರು. ಬಾವನ ಸರದಿ ಬಂದಾಗ, ನಿಂದು ಆಗೇತಿ ನಡಿ ಎಂದು ಕಳಿಸಿಬಿಟ್ಟರು. ನೀನು ನಂಬಲಿಲ್ಲ. ನಿನ್ನದೂ ತಪ್ಪಲ್ಲ, ಹೋದ ವರ್ಷ ರಕ್ತ ಪರೀಕ್ಷೆಯ ದಿನ ಕಂಪ್ಲಿಯ ಗೆಳೆಯನ ಮನೆಗೆ ಓಡಿಹೋದ ಮನುಷ್ಯ. ನಿಮ್ಮ ಬಾವ ಯಮ ಬಂದ್ರೂ ಹೆದ್ರಂಗಿಲ್ಲ, ಸೂಜಿ ಕಂಡ್ರ ಓಡ್ತಾರ ಎಂದು ನೀನು ಅಂದಾಗ ನಾನೂ ನಕ್ಕೆ. ಮಳೆಗಾಲದಿಂದ ಬಿಡದ ಅವರ ಕೆಮ್ಮಿಗೆ ನೀನು ಎಷ್ಟು ಹೆದರಿದ್ದೀ ಎಂದು ಆಗ ತಿಳಿಯಲಿಲ್ಲ. ಈಗ ಅವರ ಮುಂದೆ ಊಟದ ತಾಟು ಇಟ್ಟು, ಮಾತಿಲ್ಲದೆ ಎದ್ದು ಹೋಗುತ್ತೀಯಂತೆ.

ಸೆಪ್ಟೆಂಬರ್ ಮೂವತ್ತಕ್ಕೆ ಹೊಸ ಪಟ್ಟಿ ಮಾಡುವಾಗ ಲೆಕ್ಕ ತಪ್ಪಿತು. ಟೋಕನ್ ಮುನ್ನೂರ ಹನ್ನೆರಡು, ಹೆಸರು ಮುನ್ನೂರ ಒಂದು. ಹನ್ನೊಂದು ಜನರನ್ನು ಅಳಿಸಿದ್ದೆ. ನಾಲ್ವರು ಹಂಪೇಶರು, ಮೂವರು ಪಂಪೇಶರು, ಇಬ್ಬರು ಜಂಬಯ್ಯ, ಇಬ್ಬರು ಯಲ್ಲೇಶ. ಹದಿನೆಂಟು ಸಾಲಿಗೆ ಆಫೀಸಿನವರಿಂದೆಲ್ಲ ಚಪ್ಪಾಳೆ ಹೊಡೆಸಿಕೊಂಡಿದ್ದೆನಲ್ಲ, ಅವರಿಗೆ ಹೇಳಲು ಬಾಯಿ ಬರಲಿಲ್ಲ. ನಾಳೆ, ನಾಡಿದ್ದು ಎನ್ನುತ್ತಾ ಎರಡು ವಾರ ಕಳೆದೆ. ಆ ದಿನಗಳಲ್ಲೂ ಹನ್ನೊಂದು ಜನ ಧೂಳು ಕುಡಿಯುತ್ತಲೇ ಇದ್ದರು.

ಇವತ್ತು ಬೆಳಿಗ್ಗೆ ಮ್ಯಾನೇಜರ್ ಜಂಬುನಾಥ್ ಅವರ ಮುಂದೆ ನಿಂತು ಎಲ್ಲ ಹೇಳಿದೆ. ಕಂಪ್ಯೂಟರ್ ತಪ್ಪು ಮಾಡಿತು ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವರು, ಆ ಹನ್ನೊಂದೂ ಹೆಸರು ಕೈಯಾಗ ಬರೀರಿ, ಶುಕ್ರವಾರ ಹೊಸಪೇಟೆ ಆಸ್ಪತ್ರಿಗೆ ನೀವ ಕರ್ಕೊಂಡು ಹೋಗ್ರಿ ಅಂದರು. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಮಾತು ಆಮೇಲಂತೆ. ಆ ಹದಿನೆಂಟು ಸಾಲಿಗೆ ಎರಡು ಸಾಲು ಸೇರಿಸಿದ್ದೇನೆ. ಈಗ ಅದು ಯಾರ ಹೆಸರನ್ನೂ ತಾನಾಗಿ ಅಳಿಸುವುದಿಲ್ಲ, ನನ್ನನ್ನು ಕೇಳುತ್ತದೆ.

ಶುಕ್ರವಾರ ನೀನೂ ಬಾ. ಎದೆಯ ಚಿತ್ರದಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ನನಗೂ ಹೆದರಿಕೆ ಇದೆ.

ನಿನ್ನ ತಪ್ಪಿತಸ್ಥ ತಂಗಿ,
ಹೇಮಾವತಿ

ತಾ.ಕ.: ಒಂದು ಮಾತನ್ನು ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ತಪ್ಪು ಕಂಡ ದಿನವೇ ಬಾವನಿಗೆ ಹೇಳಿ ಅತ್ತಿದ್ದೆ. ನಿಮ್ಮಕ್ಕಗ ಹೇಳಬ್ಯಾಡ, ಆಕಿ ಆಫೀಸಿಗೇ ಬಂದು ಕೂಗಾಡ್ತಾಳ, ನಿನ್ನ ಕೆಲ್ಸಕ್ಕ ಕುತ್ತು ಬರ್ತೈತಿ, ಆಕಿ ಸಿಟ್ಟು ನನಗ ರೂಢಿ ಐತಿ ಅಂದರು. ಈ ಕಾಗದ ತಂದುಕೊಟ್ಟವರೂ ಅವರೇ. ಒಳಗೆ ಬ್ಲೌಸಿನ ಅಳತೆ ಇದೆ ಎಂದು ಅವರಿಗೆ ಹೇಳಿ ಅಂಟಿಸಿ ಕೊಟ್ಟಿದ್ದೇನೆ. ನೀನು ಓದುವಾಗ ಅಲ್ಲೇ ಎಲ್ಲೋ ಕೆಮ್ಮುತ್ತಾ ಕೈಕಾಲು ತೊಳೆಯುತ್ತಿರುತ್ತಾರೆ. ಇವತ್ತು ತಾಟು ಇಟ್ಟು ಎದ್ದು ಹೋಗಬೇಡ ಅಕ್ಕ, ಎದುರಿಗೆ ಕುಳಿತುಕೋ.