ಅಲುಗಾಡಿಸಿದರೆ ಸದ್ದು ಬರಬಾರದು

ಸೇಜ್ ಫೋರ್ಕ್, ವಯೋಮಿಂಗ್
ಆಗಸ್ಟ್ 24, ಭಾನುವಾರ

ಪ್ರೀತಿಯ ಟ್ವೈಲಾ,

ನೀನೂ ಮಕ್ಕಳೂ ಸೌಖ್ಯವೆಂದು ನಂಬಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ. ತಡವಾಯಿತು, ಬೈದುಕೋ. ಚೋಕ್‌ಚೆರಿ ಎಲ್ಲ ಒಟ್ಟಿಗೇ ಹಣ್ಣಾಗಿ ಒಲೆಯ ಮುಂದೆಯೇ ನಿಂತಿದ್ದೆ. ಜಾಮು ಮಾಡುವ ನನ್ನ ದೊಡ್ಡ ಪಾತ್ರೆಯಲ್ಲಿ ನಿನ್ನಪ್ಪ ಜೇನುಮೇಣ, ಕುರಿಕೊಬ್ಬು ಕರಗಿಸಿಟ್ಟಿದ್ದ, ರಿವಾಲ್ವರಿನ ಸೀಸದ ಗುಂಡಿಗೆ ಸವರಲು. ಎಷ್ಟು ತಿಕ್ಕಿದರೂ ಈ ವರ್ಷದ ಜಾಮಿಗೆ ಕುರಿಯ ವಾಸನೆ ಹೋಗಿಲ್ಲ. ನಿನಗೂ ಎರಡು ಸೀಸೆ ಎತ್ತಿಟ್ಟಿದ್ದೇನೆ, ತಪ್ಪಿಸಿಕೊಳ್ಳಲಾರೆ.

ಏಪ್ರಿಲ್‌ನಲ್ಲಿ ಗುರಿ ಹೊಡೆಯುವ ಪಂದ್ಯಕ್ಕೆಂದು ಬಂದವಳು ಊಟಕ್ಕೂ ನಿಲ್ಲದೆ ಕಾರು ತಿರುಗಿಸಿಕೊಂಡು ಹೋದೆ. ಕ್ರಿಸ್‌ಮಸ್ ಊಟದ ಜಗಳದ ಗಾಯ ನಿನಗೆ ಆರಿರಲಿಲ್ಲ. ನೀನು ತೋಟಾಕ್ಕೆ ಹಳೆಯ ಕಾಲದ ಕರಿಮದ್ದು ತುಂಬುವುದು ಬಿಟ್ಟು ಹೊಗೆಯಿಲ್ಲದ ಹೊಸ ಮದ್ದಿಗೆ ಹೋಗಿ ಪಂದ್ಯ ಗೆದ್ದೆ ಅಂದಾಗ, "ಪಟಾಕಿ ಹೊಡೆಯೋಕೆ ರಿವಾಲ್ವರ್ ಯಾಕೆ ಬೇಕು?" ಅಂದ ನಿನ್ನಪ್ಪ. "ನೀನು ಹೊಡೆಯೋದು ಗುರಿ ಅಲ್ಲಪ್ಪ, ಸೊಳ್ಳೆಗೆ ಹೊಗೆ" ಅಂದೆ ನೀನು. ಇಬ್ಬರದೂ ಒಂದೇ ಅಚ್ಚು. ನಡುವೆ ಬೆಂದವಳು ನಾನು.

ಈಗ ಸುದ್ದಿ. ಹೆದರಬೇಡ, ಯಾರಿಗೂ ಏನೂ ಆಗಿಲ್ಲ.

ಜುಲೈ ಪಂದ್ಯದಲ್ಲಿ ನಿನ್ನಪ್ಪನ ಸರದಿ ಬಂತು. ಮೊದಲ ಈಡು ಢಮ್ಮೆಂದಿತು, ಗುರಿಯ ಉಕ್ಕಿನ ಹಲಗೆ ಠಣ್ಣೆಂದಿತು, ಎಂದಿನ ಹಾಗೆ ಆಳೆತ್ತರ ಬಿಳಿ ಹೊಗೆ ಎದ್ದಿತು. ಎರಡನೆಯದು ಬರೀ ಟಪ್ಪೆಂದಿತು. ಹೊಗೆಯೊಳಗೇ ಅವನು ಮತ್ತೆ ರಿವಾಲ್ವರಿನ ಕುದುರೆ ಎಳೆಯುತ್ತಿದ್ದ. ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತಿದ್ದ ನಮ್ಮ ಮರ್ಲ್ "ನಿಲ್ಸೋ!" ಎಂದು ಕಿರುಚಿ ಅವನ ಮಣಿಕಟ್ಟು ಹಿಡಿದುಬಿಟ್ಟ. ಗುಂಡು ನಳಿಗೆಯಲ್ಲೇ ಕಚ್ಚಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹಾರಿದ್ದರೆ ನಳಿಗೆ ಸಿಡಿದು ಕೈಯೇ ಹೋಗುತ್ತಿತ್ತು.

ಮರ್ಲ್ ಮರದ ಕಡ್ಡಿ ತೂರಿಸಿ ಗುಂಡು ತಟ್ಟಿ ತೆಗೆದ. "ಓರಿನ್, ಈ ತೋಟಾಕ್ಕೆ ಮದ್ದೇ ಹಾಕಿಲ್ವಲ್ಲೋ! ಬರೀ ತಳದ ಕೇಪು ಸಿಡಿದು ಗುಂಡನ್ನ ತಳ್ಳಿದೆ."

"ಏನೋ ಮಾತಾಡ್ತಾ ಮರೆತೆ ಕಣೋ" ಅಂದ ನಿನ್ನಪ್ಪ.

ತೋಟಾ ತುಂಬುವಾಗ ರೇಡಿಯೋ ಹಾಕಲೂ ಬಿಡದವನು ಮಾತಾಡಿದನಂತೆ! ಸುಳ್ಳೆಂದು ನನಗೆ ಅಲ್ಲೇ ಗೊತ್ತಾಯಿತು.

ಕರಿಮದ್ದು ಹೊಡೆದ ರಿವಾಲ್ವರನ್ನು ಅಂದೇ ಬಿಸಿನೀರಲ್ಲಿ ತೊಳೆಯದಿದ್ದರೆ ತುಕ್ಕು ಹಿಡಿಯುತ್ತದಲ್ಲ, ಮನೆಗೆ ಬಂದವನೇ ಸಿಂಕಿನ ಮುಂದೆ ನಿಂತ. ನಾನು ಮೂಗಿನ ತುಂಬ ಸೋಪಿನ ನೊರೆ ಮೆತ್ತಿಕೊಂಡು ಎದುರು ಹೋಗಿ, "ನನ್ನ ಮೂಗಿನ ಮೇಲೆ ಏನಿದೆ ಹೇಳು" ಅಂದೆ.

"ಕನ್ನಡಕ" ಅಂದ. ನನ್ನ ಕನ್ನಡಕ ಮೇಜಿನ ಮೇಲಿತ್ತು ಟ್ವೈಲಾ.

ಮೂಗಿನ ನೊರೆಯನ್ನು ಅವನ ಕೈಗೇ ಒರೆಸಿದೆ, ಸಿಕ್ಕಿಬಿದ್ದೆನೆಂದು ಅವನಿಗೆ ತಿಳಿಯಿತು. "ನಡುವೆ ಮಂಜು ಕಣೇ" ಅಂದ. "ಅಂಚಲ್ಲಿ ಎಲ್ಲಾ ಕಾಣುತ್ತೆ. ನೆಟ್ಟಗೆ ನೋಡಿದ್ದೇ ಮಾಯ." ಹೊಗೆಯಲ್ಲಿ ಎಲ್ಲರೂ ಕುರುಡರೇ ಆದ್ದರಿಂದ ಇವನದು ಯಾರಿಗೂ ಗೊತ್ತಾಗಿರಲಿಲ್ಲ. ಮೊದಲ ಠಣ್ ಕೇಳಿಸಿಕೊಂಡು ಉಳಿದದ್ದನ್ನು ಅಂದಾಜಲ್ಲಿ ಹೊಡೆಯುತ್ತಿದ್ದನಂತೆ! "ಜನ ಓಡಾಡೋ ಕಡೆ ಅಂದಾಜಲ್ಲಿ ಹೊಡೀತೀಯಾ? ತಲೆಯಲ್ಲಿ ಏನಿದೆ ನಿಂಗೆ?" ಎಂದು ಬಾಯಿಗೆ ಬಂದಂತೆ ಬೈದೆ. ಆಮೇಲೆ ಇಬ್ಬರೂ ಅತ್ತೆವು. ರಿವಾಲ್ವರಿನ ಬೆಲ್ಟನ್ನು ತಾನೇ ಬಿಚ್ಚಿ ಗೂಟಕ್ಕೆ ಹಾಕಿದ.

ಹೋದ ಕಣ್ಣು ಮರಳುವುದಿಲ್ಲ, ಪೂರ್ತಿ ಕತ್ತಲೂ ಆಗುವುದಿಲ್ಲ ಎಂದರು ಡಾಕ್ಟರು. ನಿನ್ನಪ್ಪನಿಗೆ ಮೊದಲರ್ಧ ಮಾತ್ರ ಕೇಳಿಸಿತು. ಕುರ್ಚಿ ಹಿಡಿದು ಕೂತ, ಊಟ ಬೇಡ, ಮಾತು ಬೇಡ. ಬದುಕಿರುವಾಗಲೇ ಮನುಷ್ಯ ಮನೆಯಿಂದ ಎದ್ದುಹೋದ ಹಾಗಾಯಿತು ನನಗೆ.

ಒಂದು ಬೆಳಿಗ್ಗೆ ಅವನು ತುಂಬಿಟ್ಟಿದ್ದ ತೋಟಾಗಳನ್ನೆಲ್ಲ ಮರ್ಲ್‌ಗೆ ಕೊಟ್ಟುಬಿಡೋಣವೆಂದು ಡಬ್ಬಿಗೆ ಹಾಕುತ್ತಿದ್ದೆ. "ತಾ ಇಲ್ಲಿ" ಅಂದ. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. "ಇದು ಗಲಗಲ ಅಂತಿದೆ, ಆಚೆ ಇಡು. ಕರಿಮದ್ದು ಗುಂಡಿನ ಕೆಳಗೆ ಬಿಗಿಯಾಗಿ ಕೂತಿರ್ಬೇಕು. ಒಳಗೆ ಜಾಗ ಉಳಿದ್ರೆ ಅಪಾಯ. ಅಲುಗಾಡಿಸಿದ್ರೆ ಸದ್ದು ಬರಬಾರದು."

"ಅಯ್ಯೋ ಜಾಣ, ಮದ್ದೇ ಇಲ್ದಿದ್ರೂ ಸದ್ದು ಬರಲ್ವಲ್ಲ!" ಅಂದೆ.

ಪಾಪ, ಬಾಯಿ ಬಿಡಬಾರದಿತ್ತು ಅಂದುಕೊಳ್ಳುವಷ್ಟರಲ್ಲಿ, "ನಮ್ಮಮ್ಮನ ತಕ್ಕಡಿ ಎಲ್ಲಿದೆ?" ಅಂದ. ಒಂದು ತಟ್ಟೆಯಲ್ಲಿ ಸರಿಯಾದ ತೋಟಾ, ಇನ್ನೊಂದರಲ್ಲಿ ಪರೀಕ್ಷೆಯದು. ಯಾವ ತಟ್ಟೆ ಕೆಳಗಿದೆ ಎಂದು ಬೆರಳಲ್ಲೇ ಮುಟ್ಟಿ ನೋಡಿದ. ಡಬ್ಬಿಯಲ್ಲಿ ಮದ್ದಿಲ್ಲದ್ದು ಇನ್ನೊಂದು ಸಿಕ್ಕಿತು! ಅಂದು ಮಧ್ಯಾಹ್ನ ಬೀನ್ಸನ್ನು ಎರಡು ಸಲ ಬಡಿಸಿಕೊಂಡ.

ಈಗ ಅವನು ತುಂಬುತ್ತಾನೆ, ನಾನು ಪಕ್ಕದಲ್ಲಿ ಕೂತು ಮದ್ದಿನ ಅಳತೆ ನೋಡುತ್ತೇನೆ, ಆಮೇಲೆ ಕಿವಿ, ಆಮೇಲೆ ತಕ್ಕಡಿ. ಹೊಡೆಯುವವರು ಯಾರು ಅಂತೀಯಾ? ನಗಬೇಡ. ನಿನ್ನೆಯ ಪಂದ್ಯಕ್ಕೆ ಆ ಬೆಲ್ಟು ಕಟ್ಟಿಕೊಂಡವಳು ನಿನ್ನಮ್ಮ.

ಮೊದಲ ಈಡಿಗೆ ಕಣ್ಣು ಮುಚ್ಚಿಬಿಟ್ಟೆ. ಎರಡನೆಯದು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಮೂರನೆಯದಕ್ಕೆ ಠಣ್! ಹಿಂದಿನಿಂದ ನಿನ್ನಪ್ಪ, "ಬಲದ ಅಂಚಿಗೆ ತಾಗ್ತು ಲವೋನ್, ಚೂರು ಎಡಕ್ಕೆ!" ಎಂದು ಕೂಗಿದ. ಸದ್ದಿನಲ್ಲೇ ಅಂಚು, ನಡು ಎಲ್ಲ ತಿಳಿಯುತ್ತದಂತೆ. ಎಡಕ್ಕೆ ತಿರುಗಿಸಿದೆ, ಮತ್ತೆ ಎರಡು ಸಲ ಠಣ್, ಠಣ್. ಐದಕ್ಕೆ ಐದೂ ತೋಟಾ ಸರಿಯಾಗಿ ಹಾರಿದವು. "ಇಬ್ರೂ ಸೇರಿ ಅಂತೂ ಒಬ್ಬ ಗುರಿಕಾರ ಆದ್ರಿ" ಎಂದು ಮರ್ಲ್ ಅಣಕಿಸಿದ. ನಿನ್ನಪ್ಪ ನಕ್ಕ. ಎಷ್ಟು ದಿನದ ಮೇಲೆ ಕೇಳಿದೆ ಆ ನಗು!

ಮಕ್ಕಳಿಗೆ ಮುತ್ತು. ನಿನ್ನ ಕೈ ಗಟ್ಟಿಯಾಗಿರಲಿ, ಕಣ್ಣು ತಿಳಿಯಾಗಿರಲಿ, ಮನೆ ತಣ್ಣಗಿರಲಿ.

ನಿನ್ನ ಅಮ್ಮ,
ಲವೋನ್

ಮ.ವಿ.: ಇದನ್ನು ಮರೆತು ಕೊನೆಗಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಏಪ್ರಿಲ್ ಪಂದ್ಯದ ದಿನ ನೀನು ಬೇಲಿಯಾಚೆ ನಿಂತು ಕೈ ಬೀಸಿದ್ದನ್ನೂ, ಅವನು ನೇರ ನಿನ್ನತ್ತ ನೋಡಿ ಮುಖ ತಿರುಗಿಸಿದ್ದನ್ನೂ ನಾನು ಕಂಡೆ. ಎಂಥ ಕಲ್ಲೆದೆಯವನು ಎಂದು ನಾನೂ ಸಿಟ್ಟಾಗಿ, ಅಂದಿನಿಂದ ಅವನೆದುರು ನಿನ್ನ ಹೆಸರೆತ್ತಲಿಲ್ಲ. ನಿನ್ನೆ ಪಂದ್ಯ ಮುಗಿಸಿ ಬರುವಾಗ ಕಾರಿನಲ್ಲಿ ಅವನೇ ಕೇಳಿದ: "ಏಪ್ರಿಲ್‌ಗೆ ಟ್ವೈಲಾ ಬಂದೇ ಬರ್ತಾಳೆ ಅಂತ ದಿನವೆಲ್ಲಾ ಕಾದೆ ಕಣೇ. ಯಾಕೆ ಬರ್ಲಿಲ್ಲ ಅವಳು? ಅಷ್ಟು ಕೋಪಾನಾ ನನ್ನ ಮೇಲೆ?" ನೀನು ಬಂದಿದ್ದೆಯೆಂದು ನಾನಿನ್ನೂ ಹೇಳಿಲ್ಲ, ನೀನೇ ಹೇಳಬೇಕು. ಸೆಪ್ಟೆಂಬರ್ ಪಂದ್ಯಕ್ಕೆ ಬಾ. ಬೇಲಿಯಾಚೆ ನಿಂತು ಕೈ ಬೀಸಬೇಡ ಮಗಳೇ. ಅಪ್ಪಾ ಎಂದು ಕೂಗು.