ಸಿಮೆಂಟಿನ ವೇಗ

ಮಾನ್ಯ ಎಂಜಿನಿಯರ್ ಸಾಹೇಬರೇ,

ಶಾಲೆಯ ನೆಲದ ವರದಿಗೆ ದಯವಿಟ್ಟು ಸಹಿ ಹಾಕಬೇಡಿ. ಕಂಪನ ಹಿಡಿಯುವ ಜಿಯೋಫೋನುಗಳನ್ನು ಕೊನೆಯ ಸಾಲಿನಲ್ಲಿ ಮಣ್ಣಿಗೆ ಚುಚ್ಚದೆ ಸಿಮೆಂಟ್ ಹಾದಿಯ ಮೇಲಿಟ್ಟೆ. "ಮಗಾ, ನಿನ್ನೆ ತಾನೆ ಸಸಿ ನೆಟ್ಟಿದ್ದೀನಿ, ತುಳೀಬೇಡ್ವೋ" ಎಂದು ತೋಟದ ಅಜ್ಜಿ ಬೇಡಿಕೊಂಡಿದ್ದರು. ನೆಲ ಗಟ್ಟಿಯಿದ್ದಷ್ಟೂ ಕಂಪನ ವೇಗವಾಗಿ ಓಡುತ್ತದೆ; ನೆಲಕ್ಕೆ ಹೊಡೆದ ನನ್ನ ಸುತ್ತಿಗೆಯ ಕಂಪನ ವರದಿಯಲ್ಲಿರುವಷ್ಟು ವೇಗವಾಗಿ ಓಡಿದ್ದು ಸಿಮೆಂಟಿನಲ್ಲಿ. ಕೆಳಗಿನ ಮಣ್ಣು ಗಟ್ಟಿಯೋ ಸಡಿಲವೋ ನಮಗೆ ಗೊತ್ತೇ ಇಲ್ಲ. ಅದರ ಮೇಲೆ ಎರಡಂತಸ್ತು ಏಳುತ್ತದೆ, ಮಕ್ಕಳು ಕೂರುತ್ತಾರೆ.

ಅಧಿಕಾರಿಗಳ ಸುಳ್ಳಿನ ಬಗ್ಗೆ ಊಟದ ಹೊತ್ತಿನಲ್ಲಿ ನಾನು ಕರಪತ್ರ ಓದಿದಾಗ ನೀವು, "ಮೊದ್ಲು ಸುತ್ತಿಗೆ ನೆಟ್ಟಗೆ ಹೊಡಿಯಪ್ಪಾ, ಕ್ರಾಂತಿ ಆಮೇಲೆ" ಎಂದು ನಕ್ಕಿರಿ. ಸುತ್ತಿಗೆ ನೆಟ್ಟಗೇ ಹೊಡೆದೆ, ನಿಜ ಮುಚ್ಚಿಟ್ಟವನೂ ನಾನೇ.

ವಿಷಯ ತಿಳಿಸಿದ ಮೇಲೆ ಅಜ್ಜಿ ಇವತ್ತು ಸಸಿಗಳನ್ನೆಲ್ಲ ಕಿತ್ತು ಡಬ್ಬಗಳಿಗೆ ಹಾಕಿಕೊಂಡಿದ್ದಾರೆ. ಸೋಮವಾರ ಮತ್ತೆ ಅಳೆಯೋಣ. ನನ್ನನ್ನು ಕೆಲಸದಿಂದ ತೆಗೆಯುವುದಾದರೆ ಮಂಗಳವಾರ ತೆಗೆಯಿರಿ.

ಇಂತಿ,
ನಿಮ್ಮ ಸುತ್ತಿಗೆಯವನು